ಹಳೇ ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ ಅದ್ರೊಳಗಿನ ಕನ್ನಡನ ನೋಡ್ಕೊಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಅರಸೀಕೆರೆಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ ಇದೆ, ಇಪ್ಪತ್ತು ವರ್ಷದ ಮೇಲಾಯ್ತು. ಲಗ್ನಪತ್ರಿಕೆ, ಜಾತ್ರೆ ಪಾಂಪ್ಲೆಟ್, ಸೊಸೈಟಿ ವಾರ್ಷಿಕ ವರದಿ, ಸ್ಕೂಲ್ ಕ್ವೆಶ್ಚನ್ ಪೇಪರ್, ತಿಥಿ ಕಾರ್ಡು, ಜೊತೆಗೆ ಜೆರಾಕ್ಸು, ಈಗೀಗ ಆನ್‌ಲೈನ್ ಅಪ್ಲಿಕೇಶನ್ ತುಂಬೋದು. ಪತ್ರಿಕೆಗೆ ಕಾಗದ ಬರಿಯೋ ಅಭ್ಯಾಸ ನಂಗಿಲ್ಲ, ಬೇರೆಯವ್ರ ಕಾಗದ ಟೈಪ್ ಮಾಡಿಕೊಟ್ಟೇ ಜೀವನ ಹೋಗ್ತಿದೆ, ಆದ್ರೆ ಈ ವಿಷಯ ಯಾರೂ ಬರೀತಿಲ್ಲ ಅಂತ ನಾನೇ ಕೂತೆ. ಸ್ವಲ್ಪ ಉದ್ದ ಆಗಿದೆ, ಕತ್ತರಿಸೋದಾದ್ರೆ ಕತ್ತರಿಸಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು ಅಂತಾದ್ಮೇಲೆ ನಮ್ಮೂರಲ್ಲೂ ಸ್ಕೂಲು, ಸೊಸೈಟಿ, ವಕೀಲರ ಆಫೀಸು ಎಲ್ಲಾ ಹೊಸ ಸಿಸ್ಟಮ್ ತಗೊಳೋಕೆ ಶುರು ಮಾಡಿದ್ರು. ಹಳೇದಕ್ಕೇ ವಿಂಡೋಸ್ 11 ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಅನ್ನೋ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದ್ರೆ 8ನೇ ಜನರೇಶನ್ನೋ ಅದ್ರ ಮೇಲೋ ಇರ್ಬೇಕು, ನಮ್ಮಂಥೋರ ಹತ್ರ ಇರೋದೆಲ್ಲಾ ಅದಕ್ಕಿಂತ ಹಳೇ ತಲೆಮಾರು. ನಂದಂತೂ 2011ರ ಸಿಸ್ಟಮ್, ವಿಂಡೋಸ್ 7. ಅದಕ್ಕೆ ಕ್ರೋಮ್ 2023ರ ಶುರುವಲ್ಲೇ ನಿಂತೋಗಿತ್ತು, 109ನೇ ವರ್ಷನ್ನೇ ಕಡೇದು. ಬರ್ತಾ ಬರ್ತಾ ಅರ್ಜಿ ಹಾಕೋ ವೆಬ್‌ಸೈಟ್‌ಗಳು ಬ್ರೌಸರ್ ಅಪ್‌ಡೇಟ್ ಮಾಡಿ ಅಂತ ಬಾಗಿಲಲ್ಲೇ ನಿಲ್ಲಿಸೋಕೆ ಶುರು ಮಾಡಿದ್ವು, ಗಿರಾಕಿ ಎದುರಿಗೆ ಕೂತಿರ್ತಾರೆ, ಏನ್ ಹೇಳೋದು. ಸಾಲ ಮಾಡಿ ಹೊಸದು ತಂದೆ.

ಅಂಗಡಿಯವ್ರು ಒಬ್ಬ ಹುಡುಗನ್ನ ಕಳಿಸಿದ್ರು. ಪಾಪ ಒಳ್ಳೇ ಹುಡುಗ, ಆದ್ರೆ ಅವ್ನು ಹುಟ್ಟೋ ಹೊತ್ತಿಗೆ ನಾನು ಪೇಜ್‌ಮೇಕರ್ ಅನ್ನೋ ಪುಟ ಕಟ್ಟೋ ಸಾಫ್ಟ್‌ವೇರಲ್ಲಿ ಮದುವೆ ಕಾರ್ಡು ಮಾಡ್ತಿದ್ದೆ. "ಡೇಟಾ ಅಷ್ಟೇ ಅಲ್ವಾ ಅಂಕಲ್, ಅರ್ಧ ಗಂಟೆ" ಅಂದ. ಡಿ ಡ್ರೈವ್ ಪೂರ್ತಿ ಕಾಪಿ ಮಾಡ್ದ, ಸಿ ಡ್ರೈವಲ್ಲಿ ಪ್ರೋಗ್ರಾಂ ಫೈಲ್ಸ್ ಅಂತಿರುತ್ತಲ್ಲ, ಅದ್ರಿಂದ ಪೇಜ್‌ಮೇಕರ್ ಫೋಲ್ಡರ್ ಎತ್ಕೊಂಡು ಹೊಸದ್ರಲ್ಲಿ ಇಟ್ಟ. ಡಬಲ್ ಕ್ಲಿಕ್ ಮಾಡಿದ್ರೆ ಅದಿಲ್ಲ ಇದಿಲ್ಲ ಅಂತ ಎರರ್.

ಈ ತಪ್ಪು ತುಂಬಾ ಜನ ಮಾಡ್ತಾರೆ ಅದಕ್ಕೆ ಹೇಳ್ತೀನಿ. ಫೈಲ್ ಬೇರೆ ಪ್ರೋಗ್ರಾಂ ಬೇರೆ. ಫೈಲ್ ಅಂದ್ರೆ ಕಿತ್ತಿಟ್ಟ ತೆಂಗಿನಕಾಯಿ, ಚೀಲಕ್ಕೆ ಹಾಕ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗಿ. ಪ್ರೋಗ್ರಾಂ ಅಂದ್ರೆ ನೆಟ್ಟ ಗಿಡ. ಇನ್‌ಸ್ಟಾಲ್ ಆಗೋವಾಗ ಅದು ತನ್ನ ಫೋಲ್ಡರಲ್ಲಷ್ಟೇ ಇರಲ್ಲ, ವಿಂಡೋಸ್‌ನ ರಿಜಿಸ್ಟ್ರಿಲಿ ಹೆಸರು ಬರೆಸ್ಕೊಳುತ್ತೆ, ತಾನು ಓಡೋಕೆ ಬೇಕಾದ ಡಿಎಲ್‌ಎಲ್ ಅನ್ನೋ ಕೆಲವು ಫೈಲ್ ಸಿಸ್ಟಮ್ ಫೋಲ್ಡರಿಗೆ ಹಾಕುತ್ತೆ, ನಮ್ ಸೆಟ್ಟಿಂಗ್ ಎಲ್ಲಾ ಆಪ್‌ಡೇಟಾ ಅಂತ ಕಣ್ಣಿಗೆ ಕಾಣದ ಫೋಲ್ಡರಲ್ಲಿ ಇಡುತ್ತೆ. ಗರಿ ಹಿಡಿದು ಎಳೆದ್ರೆ ಗರಿ ಮಾತ್ರ ಕೈಗೆ ಬರುತ್ತೆ. ಹೊಸದ್ರಲ್ಲಿ ಸಿಡಿ ಹಾಕಿ ಇನ್‌ಸ್ಟಾಲ್ ಮಾಡ್ಲೇಬೇಕು. ಹೊಸ ಕಂಪ್ಯೂಟರ್‌ಗೆ ಸಿಡಿ ಡ್ರೈವೇ ಇಲ್ಲ ಅನ್ನೋದು ಆಗ ಗೊತ್ತಾಯ್ತು! ಪಕ್ಕದ ಸ್ಟುಡಿಯೋದವ್ರ ಹತ್ರ ಯುಎಸ್‌ಬಿ ಸಿಡಿ ಡ್ರೈವ್ ಇಸ್ಕೊಂಡು ಬಂದು ಹಾಕಿದ್ದಾಯ್ತು, ಇಪ್ಪತ್ತು ವರ್ಷದ ಹಿಂದಿನ ಸೀರಿಯಲ್ ನಂಬರು ಸಿಡಿ ಕವರ್ ಮೇಲೆ ಪೆನ್ನಲ್ಲಿ ಬರೆದಿಟ್ಟಿದ್ದು ಯಾವ ಪುಣ್ಯವೋ.

ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದಾದ್ಮೇಲೆ ಹೊಸ ವರ್ಷನ್ನೇ ಬರ್ಲಿಲ್ಲ. ಆದ್ರೂ ಅದನ್ನ ಬಿಡೋಕಾಗಿಲ್ಲ ನಂಗೆ, ಯಾಕಂದ್ರೆ ಹಳೇ ಫೈಲೆಲ್ಲ ಅದ್ರಲ್ಲೇ ಇರೋದು. ಅದ್ರ ಬದಲು ಇನ್‌ಡಿಸೈನ್ ಅನ್ನೋ ಹೊಸ ಸಾಫ್ಟ್‌ವೇರ್ ತಗೊಳಿ ಅಂತಾರೆ, ಅದ್ರಲ್ಲೂ ಸಿಎಸ್ 6ರ ತನಕ ಮಾತ್ರ ಪೇಜ್‌ಮೇಕರ್ ಫೈಲ್ ತೆಗೆಯುತ್ತೆ, ಆಮೇಲಿನ ಸಿಸಿ ವರ್ಷನ್‌ಗಳು ಗುರುತೇ ಹಿಡಿಯಲ್ಲ.

ಸರಿ, ಅಸಲು ಕಥೆ ಇನ್ಮುಂದೆ. ನಮ್ಮೂರಿನ ರಿಟೈರ್ಡ್ ಮೇಷ್ಟ್ರೊಬ್ರು ಹತ್ತಾರು ಹಳ್ಳಿ ತಿರುಗಿ ಸೋಬಾನೆ ಪದ ಬರ್ಕೊಂಡ್ ಬಂದು ನನ್ನತ್ರ ಟೈಪ್ ಮಾಡಿಸಿದ್ರು, ಸುಮಾರು 180 ಪುಟ. ಹಾಡಿದ ಅಜ್ಜಿಯರಲ್ಲಿ ಈಗ ಇರೋರು ಇಬ್ರೋ ಮೂವರೋ. ಮೇಷ್ಟ್ರು ಇನ್ನೊಂದಷ್ಟು ಪ್ರತಿ ಹಾಕಿಸೋಣ ಅಂತ ಅದೇ ವಾರ ಬಂದ್ರು. ಹೊಸ ಸಿಸ್ಟಮಲ್ಲಿ ಫೈಲ್ ತೆಗೆದೆ. ಫಾಂಟ್ ಸಿಗ್ತಿಲ್ಲ, ಬದಲಿ ಫಾಂಟ್ ಹಾಕ್ಲಾ ಅಂತ ಒಂದು ಬಾಕ್ಸ್ ಬಂತು. ಆತುರ ನೋಡಿ, ಓಕೆ ಒತ್ತಿದೆ. ಪುಟದ ತುಂಬಾ ಕೀಟ ಕೂತಂಗೆ ಏನೇನೋ ಗುರುತು. ಕನ್ನಡ ಅನ್ನೋ ಮೂರೇ ಅಕ್ಷರದ ಪದ ಇದ್ದ ಜಾಗದಲ್ಲಿ ಏಳು ಗುರುತು, ಮೊದಲು ಇಂಗ್ಲಿಷಿನ ಪಿ, ಆಮೇಲೆ ನೆತ್ತಿ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಪೌಂಡ್ ದುಡ್ಡಿನ ಚಿಹ್ನೆ, ಹಿಂಗೇ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು ನೋಡಿದ್ರು. "ಏನಪ್ಪಾ ಇದು, ವೈರಸ್ಸಾ?" ಅಂದ್ರು. ನನಗೆ ಬೆವರು.

ವೈರಸ್ ಅಲ್ಲ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟ್‌ಗಳ ಲೆಕ್ಕವೇ ಹಂಗೆ. ಆಗಿನ ಕಂಪ್ಯೂಟರಿಗೆ ಕನ್ನಡ ಅಂತ ಬೇರೆ ಜಾಗನೇ ಇರ್ಲಿಲ್ಲ. ಇಂಗ್ಲಿಷು ಮತ್ತೆ ಯುರೋಪಿನ ಭಾಷೆಗಳ ಅಕ್ಷರ ಇಡೋ 256 ಗೂಡಲ್ಲೇ ನಮ್ಮ ಕ, ಕಾಗುಣಿತ, ಒತ್ತು ಎಲ್ಲಾ ತುಂಡು ತುಂಡು ಮಾಡಿ ತುರುಕಿದ್ರು. ಫೈಲ್ ಒಳಗೆ ಉಳಿಯೋದು ಪಿ ಅನ್ನೋ ಅಕ್ಷರದ ನಂಬರೇ, ಅದನ್ನ ಕ ಥರ ತೋರಿಸೋ ವೇಷ ಫಾಂಟಿಂದು. ಫಾಂಟ್ ಇಲ್ದಿದ್ರೆ ವೇಷ ಕಳಚುತ್ತೆ. ಇದನ್ನೇ ನಾವು ಆಸ್ಕಿ ಅಂತೀವಿ. ಮಾಡಿದೋರನ್ನ ಬಯ್ಯೋಕೆ ನಂಗೆ ಬಾಯಿ ಬರಲ್ಲ, 1998ರಲ್ಲಿ ಶೇಷಾದ್ರಿವಾಸು ಅವ್ರು ಬರಹ ಮಾಡ್ದೇ ಇದ್ದಿದ್ರೆ, ಕನ್ನಡ ಗಣಕ ಪರಿಷತ್ತು ನುಡಿ ಮಾಡ್ದೇ ಇದ್ದಿದ್ರೆ ನನ್ನಂಥ ಎಷ್ಟೋ ಜನ ಅಂಗಡಿನೇ ಇಡ್ತಿರ್ಲಿಲ್ಲ. ಆವತ್ತಿಗೆ ಅದೇ ದಾರಿ. ಆದ್ರೆ 2001ರ ವಿಂಡೋಸ್ ಎಕ್ಸ್‌ಪಿಲೇ ತುಂಗಾ ಅಂತ ಯುನಿಕೋಡ್ ಕನ್ನಡ ಫಾಂಟ್ ಬಂತು, ಯುನಿಕೋಡ್ ಅಂದ್ರೆ ಕನ್ನಡಕ್ಕೆ ಅದರದ್ದೇ ನಂಬರು ಅದರದ್ದೇ ಮನೆ, ತುಂಗಾ ಇಲ್ದಿದ್ರೆ ಇನ್ನೊಂದು ಫಾಂಟಲ್ಲಿ ಕಾಣುತ್ತೆ, ಅಕ್ಷರ ಮಾತ್ರ ಕ ಕನೇ ಆಗಿರುತ್ತೆ. ಅಷ್ಟು ವರ್ಷ ಆದ್ರೂ ನಾವು ಆಸ್ಕಿಲೇ ಕುಟ್ತಾ ಬಂದ್ವಿ, ನಾನೂ ಸೇರಿ.

ಮೇಷ್ಟ್ರ ಫೈಲ್ ಬದುಕಿದ್ದು ಹೇಗಂದ್ರೆ ಹಳೇ ಸಿಸ್ಟಮ್ ಇನ್ನೂ ಅಂಗಡಿಲೇ ಇತ್ತು. ಆ ಬಾಕ್ಸಲ್ಲಿ ಬದಲಿ ಫಾಂಟು ಟೆಂಪರರಿನಾ ಪರ್ಮನೆಂಟಾ ಅಂತ ಆಯ್ಕೆ ಇರುತ್ತೆ, ಪರ್ಮನೆಂಟ್ ಅಂತಿಟ್ಟು ಸೇವ್ ಮಾಡಿದ್ರೆ ತಲೆನೋವು ಜಾಸ್ತಿ, ಪುಣ್ಯಕ್ಕೆ ಸೇವ್ ಮಾಡ್ದೇ ಕ್ಲೋಸ್ ಮಾಡಿದ್ದೆ. ಹಳೇದ್ರ ಸಿ ಡ್ರೈವಲ್ಲಿ ವಿಂಡೋಸ್ ಒಳಗೆ ಫಾಂಟ್ಸ್ ಅಂತ ಫೋಲ್ಡರ್ ಇದೆಯಲ್ಲ, ಅಲ್ಲಿಂದ ನುಡಿ ಮತ್ತೆ ಬರಹದ ಫಾಂಟೆಲ್ಲಾ ಪೆನ್‌ಡ್ರೈವಿಗೆ ಹಾಕಿ, ಹೊಸದ್ರಲ್ಲಿ ಎಲ್ಲಾ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಇನ್‌ಸ್ಟಾಲ್ ಕೊಟ್ಟೆ. ಫೈಲ್ ತೆಗೆದ ತಕ್ಷಣ ಸೋಬಾನೆ ಪದ ಎದ್ದು ಬಂತು. ಮೇಷ್ಟ್ರು ಏನೂ ಮಾತಾಡ್ಲಿಲ್ಲ, ಎದುರಿನ ಹೋಟ್ಲಿಂದ ಎರಡು ಕಾಫಿ ತರಿಸಿದ್ರು.

ಎಲ್ಲಾ ಹಿಂಗೇ ಸಿಕ್ತು ಅನ್ಕೋಬೇಡಿ. ಇನ್ನೊಂದು ಫಾಂಟ್ ಪ್ಯಾಕೇಜ್ ಇತ್ತು, ದುಡ್ಡು ಕೊಟ್ಟು ತಗೊಂಡಿದ್ದು, ಹಿಂದಿನ ಪ್ರಿಂಟರ್ ಪೋರ್ಟಿಗೆ ಸಿಗಿಸೋ ಲಾಕ್ ಇದ್ರೇನೇ ಓಡೋದು. ಆ 25 ಪಿನ್ನಿನ ಪೋರ್ಟ್ ಈಗಿನ ಕಂಪ್ಯೂಟರಲ್ಲಿ ಎಲ್ಲಿದೆ? ಲಾಕು ಈಗ ಮೇಜಿನ ಮೇಲೆ ಪೇಪರ್‌ವೈಟ್. ಅದ್ರಲ್ಲಿ ಮಾಡಿದ ಕಾರ್ಡುಗಳ ಆಸೆ ಬಿಟ್ಟಿದೀನಿ. ಆಮೇಲೆ ಆ ಹುಡುಗ ಡಿ ಡ್ರೈವ್ ಕಾಪಿ ಮಾಡಿದ್ನಲ್ಲ, ಡೆಸ್ಕ್‌ಟಾಪ್ ಮೇಲೆ ಮತ್ತೆ ಡಾಕ್ಯುಮೆಂಟ್ಸಲ್ಲಿ ಇರೋದೆಲ್ಲ ಸಿ ಡ್ರೈವಲ್ಲಿ ಯೂಸರ್ಸ್ ಫೋಲ್ಡರ್ ಒಳಗಿರುತ್ತೆ ಅನ್ನೋದು ಅವ್ನಿಗೆ ಹೊಳೀಲೇ ಇಲ್ಲ. ಪರಿಚಯದ ಒಂದು ಸೊಸೈಟಿಲಿ ಹಿಂಗೇ ಕಾಪಿ ಮಾಡಿ ಹಳೇದನ್ನ ಅವತ್ತೇ ಫಾರ್ಮ್ಯಾಟ್ ಮಾಡಿಬಿಟ್ರು, ಡೆಸ್ಕ್‌ಟಾಪ್ ಮೇಲಿದ್ದ ಷೇರುದಾರರ ಪಟ್ಟಿ ಹೋಯ್ತು, ಈಗ ಪುಸ್ತಕ ನೋಡ್ಕೊಂಡು ಮತ್ತೆ ಟೈಪ್ ಮಾಡಿಸ್ತಿದಾರೆ. ನಂಗೆ ಕೆಲ್ಸ ಸಿಕ್ತು ನಿಜ, ಆದ್ರೂ ಬೇಜಾರು.

ಅದಕ್ಕೇ ಹೇಳೋದು, ಹಳೇ ಹಾರ್ಡ್‌ಡಿಸ್ಕ್ ಬಿಚ್ಚಿಸಿ ಒಂದು ಯುಎಸ್‌ಬಿ ಕೇಸಿಗೆ ಹಾಕಿಸಿಟ್ಕೊಳಿ, ಕೆಲವು ನೂರು ರೂಪಾಯಿ ಅಷ್ಟೇ. ಹೊಸದಕ್ಕೆ ಚುಚ್ಚಿದ್ರೆ ಇನ್ನೊಂದು ಡ್ರೈವ್ ಥರ ಕಾಣುತ್ತೆ, ಯೂಸರ್ಸ್ ಫೋಲ್ಡರ್ ತೆಗೆಯೋವಾಗ ಪರ್ಮಿಶನ್ ಇಲ್ಲ ಅನ್ನುತ್ತೆ, ಹೆದರಬೇಡಿ, ಕಂಟಿನ್ಯೂ ಒತ್ತಿ. ದೊಡ್ಡ ಮದುವೆ ವಿಡಿಯೋ ಪೆನ್‌ಡ್ರೈವಿಗೆ ಹೋಗ್ತಿಲ್ಲ ಅಂದ್ರೆ ಪೆನ್‌ಡ್ರೈವ್ ಕೆಟ್ಟಿಲ್ಲ, ಫ್ಯಾಟ್ 32 ಅನ್ನೋ ಫಾರ್ಮ್ಯಾಟಲ್ಲಿದ್ರೆ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಯಲ್ಲ ಅದು. ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಇಟ್ಟಿರೋ ಮಂಡಿಯವ್ರಿಗೆ ಅಷ್ಟು ಕಷ್ಟ ಇಲ್ಲ, ಡೇಟಾ ಬ್ಯಾಕಪ್ ತಗೊಂಡು ಹಳೇದ್ರಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ ಹೊಸದ್ರಲ್ಲಿ ಆಕ್ಟಿವೇಟ್ ಮಾಡಿದ್ರೆ ಆಯ್ತು, ಸರೆಂಡರ್ ಮಾಡೋದು ಮರೀಬೇಡಿ ಅಷ್ಟೇ. ಲೆಕ್ಕದ ಪುಸ್ತಕ ಮನೆ ಬದಲಾಯಿಸೋಕೆ ಇಷ್ಟು ಸಲೀಸಾದ ದಾರಿ ಇದೆ, ನಮ್ಮ ಅಕ್ಷರಕ್ಕಿಲ್ಲ ಅನ್ನೋದೇ ನಂಗೆ ಹೊಟ್ಟೆ ಉರಿ.

ಫಾಂಟ್ ಎತ್ಕೊಂಡ್ ಬಂದ್ರೆ ಇವತ್ತಿಗೆ ಆಯ್ತು, ಮುಂದಿನ ಕಂಪ್ಯೂಟರಿಗೆ ಮತ್ತೆ ಇದೇ ಗೋಳು. ಅದಕ್ಕೆ ಈಗ ದಿನಾ ಸಂಜೆ ಗಿರಾಕಿ ಇಲ್ದಾಗ ಹಳೇ ಫೈಲೆಲ್ಲಾ ಯುನಿಕೋಡಿಗೆ ಕನ್ವರ್ಟ್ ಮಾಡ್ತಿದೀನಿ. ಕನ್ವರ್ಟರ್‌ಗಳು ಫ್ರೀ ಆಗೇ ಸಿಗ್ತವೆ. ಆದ್ರೆ ಕಣ್ಣು ಮುಚ್ಕೊಂಡು ನಂಬಂಗಿಲ್ಲ. ಮಧ್ಯೆ ಮಧ್ಯೆ ಇಂಗ್ಲಿಷ್ ಪದ ಇದ್ರೆ ಅದನ್ನೂ ಕನ್ನಡ ಅನ್ಕೊಂಡು ಕಲಸುಮೇಲೋಗರ ಮಾಡುತ್ತೆ, ಅರ್ಕಾವತ್ತು ಇರೋ ಪದಗಳನ್ನ ಒಂದೊಂದಾಗಿ ನೋಡ್ಬೇಕು, ಕಾರ್ಯ ಸೂರ್ಯ ಧರ್ಮ ಇಂಥವು. ಪೇಜ್‌ಮೇಕರ್ ಒಳಗೆ ಯುನಿಕೋಡ್ ಹಾಕಕ್ಕಾಗಲ್ಲ, ಟೆಕ್ಸ್ಟ್ ಹೊರಗೆ ತಗೊಂಡು ವರ್ಡಲ್ಲೋ ಬೇರೆ ಕಡೆನೋ ಪುಟ ಕಟ್ಬೇಕು, ಅಲಂಕಾರ ಎಲ್ಲಾ ಮೊದಲಿಂದ. ಬೆರಳಿಗೆ ಮಾತ್ರ ಏನೂ ತೊಂದ್ರೆ ಇಲ್ಲ, ಕೆ.ಪಿ. ರಾವ್ ಅವ್ರ ಕೀಬೋರ್ಡ್ ವಿನ್ಯಾಸ ಯುನಿಕೋಡಲ್ಲೂ ಅದೇ, ನುಡಿಲಿ ಯುನಿಕೋಡ್ ಆಯ್ಕೆ ಮಾಡ್ಕೊಂಡು ಹಳೇ ಥರನೇ ಕುಟ್ಟಬಹುದು. ಇದು ಗೊತ್ತಿಲ್ದೇ ಎಷ್ಟೋ ಜನ ಟೈಪಿಂಗ್ ಮತ್ತೆ ಕಲೀಬೇಕೇನೋ ಅಂತ ಹೆದರಿ ಕೂತಿದಾರೆ.

ಕನ್ವರ್ಟ್ ಮಾಡಿದ ಮೇಲೆ ಇನ್ನೊಂದು ಮಜಾ ಕಂಡೆ. ಮೊದಲು ಎಕ್ಸೆಲಲ್ಲಿ ಹೆಸರುಗಳನ್ನ ಅಕಾರಾದಿ ಮಾಡಕ್ ಹೋದ್ರೆ ಚೆಲ್ಲಾಪಿಲ್ಲಿ ಆಗ್ತಿತ್ತು, ಯಾಕಂದ್ರೆ ಅದು ಜೋಡಿಸ್ತಿದ್ದಿದ್ದು ಆ ಪಿ, ಪೌಂಡ್ ಚಿಹ್ನೆಗಳನ್ನ! ಈಗ ಅನಂತಯ್ಯ ಮೊದಲು, ಹನುಮಯ್ಯ ಕೊನೆಗೆ, ನಮ್ಮ ವರ್ಣಮಾಲೆ ಥರನೇ. ಮೇಷ್ಟ್ರ ಪುಸ್ತಕದಲ್ಲಿ ಹೂವು ಅಂತ ಹುಡುಕಿದ್ರೆ ಬರೋ ಕಡೆ ಎಲ್ಲಾ ತೋರಿಸುತ್ತೆ, ಮೇಷ್ಟ್ರು ಮಗು ಥರ ಒಂದೊಂದೇ ಪದ ಹೇಳಿ ಹುಡುಕಿಸಿದ್ರು.

ಈಗ ಸಂಪಾದಕರೆ, ನಿಮ್ಮ ಹತ್ರ ಒಂದು ಮಾತು. ಲೇಖನ ಕಳಿಸೋರಿಗೆ ಎಷ್ಟೋ ಪತ್ರಿಕೆಗಳು ಇವತ್ತಿಗೂ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿ ಕಳಿಸಿ ಅಂತ ಹಾಕ್ತವೆ. ಅದನ್ನ ನೋಡಿ ನಮ್ಮ ಕಡೆ ಬರೆಯೋರು ಮೊಬೈಲಲ್ಲಿ ಚೆನ್ನಾಗಿ ಯುನಿಕೋಡಲ್ಲಿ ಟೈಪ್ ಮಾಡಿದ್ದನ್ನ ನನ್ನ ಅಂಗಡಿಗೆ ತಂದು, ದುಡ್ಡು ಕೊಟ್ಟು, ಆಸ್ಕಿಗೆ ಇಳಿಸಿ ಕಳಿಸ್ತಾರೆ. ಮುಂದಕ್ಕೆ ಹೋಗಿರೋದನ್ನ ಹಿಂದಕ್ಕೆ ಎಳೆಯೋ ಕೂಲಿ ನಂಗೆ. ನಿಮ್ಮ ಪ್ರೆಸ್ಸಿನ ಹಳೇ ಸಾಫ್ಟ್‌ವೇರಿಗೆ ಆಸ್ಕಿ ಬೇಕಿದ್ರೆ ಅದನ್ನ ನೀವು ನಿಮ್ಮ ಕಡೆ ಮಾಡ್ಕೊಳಿ, ಓದುಗರತ್ರ ಯುನಿಕೋಡಲ್ಲೇ ತಗೊಳಿ. ಸರ್ಕಾರಿ ಆಫೀಸುಗಳಿಗೂ ಇದೇ ಮಾತು ಹೇಳ್ಬೇಕು, ಹೊಸ ಕಂಪ್ಯೂಟರ್ ಬಂದಾಗ ಹಳೇದನ್ನ ವಿಲೇವಾರಿ ಪಟ್ಟಿಗೆ ಹಾಕೋ ಮುಂಚೆ ಅದ್ರಲ್ಲಿರೋ ಕನ್ನಡ ಕಡತ ಓದಕ್ಕಾಗುತ್ತಾ ಅಂತ ಯಾರಾದ್ರೂ ಒಬ್ರು ಹೊಸದ್ರಲ್ಲಿ ತೆಗೆದು ನೋಡ್ಲಿ.

ನನ್ನ ಹಳೇ ಸಿಸ್ಟಮಿಗೆ ಗುಜರಿಯವ್ನು 400 ರೂಪಾಯಿ ಕೇಳ್ದ, ಕೊಟ್ಟಿಲ್ಲ. ಇನ್ನೂ 2009ರಿಂದ ಈಚಿನ ಲಗ್ನಪತ್ರಿಕೆ ಬಾಕಿ ಇವೆ. ಈ ಪತ್ರ ಯುನಿಕೋಡಲ್ಲೇ ಕಳಿಸ್ತಿದೀನಿ, ನಿಮ್ಮ ಕಡೆ ಪಿ, ಪೌಂಡ್ ಅಂತ ಕಾಣಿಸಿದ್ರೆ ಇರ್ಲಿ ಅಂತ ಪ್ರಿಂಟ್ ತೆಗೆದು ಪೋಸ್ಟಲ್ಲೂ ಒಂದು ಪ್ರತಿ ಹಾಕಿದೀನಿ.

ಇತಿ ನಿಮ್ಮ ಓದುಗ,
ಡಿಟಿಪಿ ಅಂಗಡಿಯವ, ಅರಸೀಕೆರೆ