ಮೇಷ್ಟ್ರನ್ನು ಹೋಗಿ ಮಾತಾಡಿಸು

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಅರ್ಧವೇ ಕೇಳಿಸಿತು. ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದೆ. ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ, ನಿನಗೆ ಗೊತ್ತಲ್ಲ. ಆದರೂ ವಿಷಯ ತಿಳಿಯಿತು. ನಿಮ್ಮ ಮನೆ ಓನರ್ ಮೇಷ್ಟ್ರ ನಾಯಿ ಚಿನ್ನಿ ತೀರಿಹೋದಳು. ಮೆಟ್ಟಿಲ ಹತ್ತಿರ ಮೇಷ್ಟ್ರು ಎದುರು ಸಿಕ್ಕರೂ ಏನು ಹೇಳಬೇಕು ಅಂತ ತೋಚದೆ ನೀನು ಹಾಗೇ ಮೇಲೆ ಹತ್ತಿ ಹೋದೆ. "ನಾಯಿ ಸತ್ತಿದ್ದಕ್ಕೆ ಮಾತಾಡಿಸೋಕೆ ಹೋದರೆ ಅವರು ಏನಂದುಕೊಳ್ತಾರೋ ದೊಡ್ಡಮ್ಮ" ಅಂದೆ. ಅಷ್ಟರಲ್ಲಿ ಲೈನ್ ಹೋಯಿತು. ಫೋನಿನಲ್ಲಿ ಒಂದು ಮಾತಿನಲ್ಲಿ ಮುಗಿಯುವ ವಿಷಯವಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೋಗು. ಕಾಗದ ಸಿಕ್ಕ ದಿನವೇ, ಸಂಜೆ ಆಫೀಸಿನಿಂದ ಬಂದು ಕೈಕಾಲು ತೊಳೆದುಕೊಂಡು ಕೆಳಗಿಳಿದು ಹೋಗು. ಮನುಷ್ಯರು ಸತ್ತಾಗ ನಾವು ಹೇಗೆ ಹೋಗಿ ಮಾತಾಡಿಸಿ ಬರುತ್ತೇವೋ ಹಾಗೆಯೇ.

ಅವರು ಏನಂದುಕೊಳ್ಳುತ್ತಾರೆ ಅಂತ ಕೇಳಿದೆಯಲ್ಲ, ಅವರ ಮನೆ ಈಗ ಹೇಗಿದೆ ಅಂತ ಸ್ವಲ್ಪ ಯೋಚಿಸಿ ನೋಡು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಸಂಜೆಯೊಳಗೆ ಜಗಲಿ ತುಂಬುತ್ತದೆ. ಪಕ್ಕದ ಮನೆಯವರು ಅನ್ನ ಮಾಡಿ ತರುತ್ತಾರೆ. ಇಂಥ ದಿನ ಇಂಥ ಕೆಲಸ ಅಂತ ವೈಕುಂಠ ಸಮಾರಾಧನೆಯವರೆಗೂ ಕ್ರಮ ಇರುತ್ತದೆ. ಮನೆಯವರು ಸುಮ್ಮನೆ ಕೂತಿದ್ದರೂ ಸುತ್ತ ಏನಾದರೂ ನಡೆಯುತ್ತಾ ಇರುತ್ತದೆ. ನಾಯಿ ಸತ್ತರೆ ಇದ್ಯಾವುದೂ ಇಲ್ಲ. ಯಾರೂ ರಜೆ ಹಾಕಿ ಬರುವುದಿಲ್ಲ. ಮಾರನೇ ದಿನ ಹಾಲಿನವನು ಎಂದಿನಂತೆ ಬರುತ್ತಾನೆ, ಪೇಪರ್ ಬೀಳುತ್ತದೆ. ಮೇಷ್ಟ್ರು ಅಂಗಡಿಗೆ ಹೋದರೆ ಎಲ್ಲರೂ ಮಳೆಯ ವಿಷಯ ಮಾತಾಡುತ್ತಾರೆ. ಅವರು ಅಳುವುದಾದರೆ ಬಾಗಿಲು ಹಾಕಿಕೊಂಡು ಅಳಬೇಕು. ದುಃಖಕ್ಕಿಂತ ಜಾಸ್ತಿ ಅದು ಕಷ್ಟ, ಪುಟ್ಟ. ನೀನು ಹೋಗಿ ಕೂತರೆ, ಅಳುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ನೀನು ಮಾಡಬೇಕಾದದ್ದು ಮುಖ್ಯವಾಗಿ ಅಷ್ಟೇ.

ಇನ್ನೊಂದು ವಿಷಯ. ಹೋದ ವರ್ಷ ನಾನು ಅಲ್ಲಿಗೆ ಬಂದಾಗ ಮೇಷ್ಟ್ರೇ ಹೇಳಿದ್ದರು, ಚಿನ್ನಿಯನ್ನು ಮರಿಯಿದ್ದಾಗ ಮನೆಗೆ ತಂದದ್ದು ಅವರ ಹೆಂಡತಿ ಅಂತ. ಆ ಅಮ್ಮ ಹೋದ ಮೇಲೆ ಮಗ ಹೊರದೇಶದಲ್ಲಿ, ಮನೆಯಲ್ಲಿ ಇವರಿಬ್ಬರೇ. ಬೆಳಗ್ಗೆ ಚಾನಲ್ ದಂಡೆಯ ಮೇಲೆ ವಾಕಿಂಗು, ಮಧ್ಯಾಹ್ನ ಮೊಸರನ್ನ, ರಾತ್ರಿ ಮಂಚದ ಕೆಳಗೆ ಹಳೇ ಕಂಬಳಿ. ಅವರ ದಿನ ಪೂರ್ತಿ ಅವಳ ಹಿಂದೆಯೇ ನಡೆಯುತ್ತಿತ್ತು. ಈಗ ಚಿನ್ನಿ ಹೋದಾಗ ಹೆಂಡತಿಯ ಸಾವೂ ಮತ್ತೆ ಎದ್ದು ಬಂದಿರುತ್ತದೆ. ಮಾತು ನಾಯಿಯಿಂದ ಹೊರಟು ಆ ಅಮ್ಮನ ಕಡೆ ತಿರುಗಿದರೆ ಗಾಬರಿಯಾಗಬೇಡ, ವಿಷಯ ಬದಲಿಸಬೇಡ. ಕೇಳಿಸಿಕೊ.

ನಾಯಿಗಾಗಿ ದುಃಖ ಪಡುವುದು ಈಗಿನವರ ಶೋಕಿ ಅನ್ನುವವರು ಇದ್ದಾರೆ. ನಿನ್ನ ಮನಸ್ಸಿನಲ್ಲೂ ಅಂಥದ್ದೊಂದು ಅಳುಕು ಇದ್ದರೆ ಬಿಟ್ಟುಬಿಡು. ಶಿವಪ್ಪ ನಾಯಕನ ಅರಮನೆಯ ಅಂಗಳದಲ್ಲಿ ವೀರಗಲ್ಲುಗಳನ್ನು ನೋಡಿದ್ದೀಯಲ್ಲ, ಅಂಥ ಕಲ್ಲನ್ನು ನಮ್ಮವರು ನಾಯಿಗೂ ನಿಲ್ಲಿಸಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನದು ಅದು, ಸುಮಾರು ಕ್ರಿ.ಶ. 949-50ರ ಕಾಲದ್ದು. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ ಮೇಲೆ ರಾಷ್ಟ್ರಕೂಟರ ಮೂರನೇ ಕೃಷ್ಣ ಮಣಲೇರ ಎಂಬ ವೀರನನ್ನು ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕಾಗಿ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು. ಆ ಕಲ್ಲಿನ ಪೂಜೆ ನಿಲ್ಲಬಾರದು ಅಂತ ಭೂಮಿಯನ್ನೂ ಬಿಟ್ಟರು. ನಾಯಿ ಹಂದಿ ಹೋರಾಡುವ ಚಿತ್ರ ಆ ಕಲ್ಲಿನಲ್ಲೇ ಇದೆ, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಸಾವಿರ ವರ್ಷದ ಹಿಂದೆ ಯುದ್ಧ ಮಾಡಿ ಬಂದ ಗಂಡಸು ನಾಯಿಗಾಗಿ ಇಷ್ಟು ಮಾಡಿದ. ಇದನ್ನು ಮೇಷ್ಟ್ರಿಗೆ ಹೇಳಲು ಹೋಗಬೇಡ. ಚರಿತ್ರೆ ಪಾಠ ಮಾಡಿದವರು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಿನ್ನ ಅಳುಕು ಹೋಗಲಿ ಅಂತ ಬರೆದೆ.

ಈಗ ಅಲ್ಲಿ ಹೋಗಿ ಏನು ಮಾತಾಡುವುದು ಅನ್ನುವುದಕ್ಕೆ ಬರುತ್ತೇನೆ.

"ಇನ್ನೊಂದು ಮರಿ ತಂದುಬಿಡಿ ಮೇಷ್ಟ್ರೇ" ಅನ್ನಬೇಡ. ಇದನ್ನು ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೇಳುವವರಿಗೆ ಮಾತ್ರ ಹೋದವಳನ್ನು ಮರೆತುಬಿಡಿ ಅಂದ ಹಾಗೆ ಕೇಳಿಸುತ್ತದೆ. "ವಯಸ್ಸಾಗಿತ್ತು ಬಿಡಿ" ಅನ್ನುವುದೂ ಬೇಡ. ಹದಿಮೂರು ವರ್ಷ ನಾಯಿಗೆ ತುಂಬು ಆಯುಷ್ಯ ಅನ್ನುವುದು ನಿಜ. ಆದರೆ ಹದಿಮೂರು ವರ್ಷ ಜೊತೆಗಿದ್ದದ್ದಕ್ಕೇ ಅಲ್ವಾ ಇಷ್ಟು ನೋವಾಗುತ್ತಿರುವುದು? ನಿನ್ನ ಗೆಳೆಯರ ಮನೆಯ ನಾಯಿ ಸತ್ತ ಕತೆಯನ್ನೂ ಅಲ್ಲಿ ತೆಗೆಯಬೇಡ. ಅವರ ಮನೆಗೆ ಹೋಗಿರುವುದು ಅವರ ಚಿನ್ನಿಯ ಮಾತು ಕೇಳುವುದಕ್ಕೆ.

ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಒಂದು ಜಾಗದಲ್ಲಿ. ಕಿಡ್ನಿ ಹೋಗಿತ್ತು, ಕೊನೆಗೆ ಡಾಕ್ಟರು ಕೇಳಿ ಇಂಜೆಕ್ಷನ್ ಕೊಟ್ಟರು, ಮೇಷ್ಟ್ರೇ ಒಪ್ಪಿಗೆ ಕೊಟ್ಟರು ಅಂದೆಯಲ್ಲ. ಹಾಗಾದರೆ ಅವರು ರಾತ್ರಿ ನಿದ್ದೆ ಮಾಡುತ್ತಿರುವುದಿಲ್ಲ ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ. ಎರಡು ಪ್ರಶ್ನೆ ಅವರನ್ನು ಕೊರೆಯುತ್ತಿರುತ್ತವೆ. ಮೊದಲೇ ಯಾಕೆ ತೋರಿಸಲಿಲ್ಲ? ನಾನೇ ಕೊಂದೆನಾ? ನೀನು ಬಾಯಿ ತಪ್ಪಿಯೂ "ಮೊದಲೇ ಗೊತ್ತಾಗಲಿಲ್ವಾ ಸಾರ್" ಅಂತ ಕೇಳಬೇಡ. ಅವರಾಗಿ ಆ ಮಾತು ತೆಗೆದರೆ ಮಾತ್ರ ನಿನಗೆ ಹೇಳಲು ಒಂದಿಷ್ಟು ಇರಲಿ. ನಾಯಿಯ ಕಿಡ್ನಿ ಬಹುಪಾಲು ಕೆಡುವ ತನಕ ಹೊರಗೆ ಏನೂ ಕಾಣುವುದಿಲ್ಲ. ನೀರು ಜಾಸ್ತಿ ಕುಡಿಯುವುದು, ಊಟ ಬಿಡುವುದು, ಸೊರಗುವುದು, ಇದೆಲ್ಲ ಶುರುವಾಗುವ ಹೊತ್ತಿಗೆ ಒಳಗೆ ಮುಕ್ಕಾಲು ಕೆಲಸ ನಿಂತುಹೋಗಿರುತ್ತದೆ. ದಿನಾ ಜೊತೆಗಿದ್ದವರಿಗೂ ಗೊತ್ತಾಗುವುದು ಕಷ್ಟ. ಇನ್ನು ಆ ಇಂಜೆಕ್ಷನ್ ಅಂದರೆ ಅರಿವಳಿಕೆ ಮದ್ದನ್ನೇ ಜಾಸ್ತಿ ಕೊಡುವುದು. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ, ಹೃದಯ ನಿಲ್ಲುತ್ತದೆ. ಕೆಲವೇ ನಿಮಿಷ. ಅಷ್ಟು ಹೊತ್ತಿಗೆ ಅವಳಿಗೆ ನೋವು ತಿಳಿಯುವ ಹಾಗೇ ಇರುವುದಿಲ್ಲ. ಇದನ್ನು ಪಾಠ ಒಪ್ಪಿಸಿದ ಹಾಗೆ ಹೇಳಬೇಡ. "ಅವಳು ನರಳುವುದನ್ನು ನೀವು ನಿಲ್ಲಿಸಿದಿರಿ ಮೇಷ್ಟ್ರೇ, ಕೊನೆಗೂ ನೀವೇ ಜೊತೆಗಿದ್ದಿರಿ" ಅಂದರೆ ಸಾಕು. ಅವರು ಒಪ್ಪದೇ ಹೋಗಬಹುದು. ಒಪ್ಪಿಸುವುದಕ್ಕೆ ವಾದ ಮಾಡಬೇಡ. ಹೇಳಿದ್ದು ಎಲ್ಲೂ ಹೋಗುವುದಿಲ್ಲ, ರಾತ್ರಿ ನೆನಪಿಗೆ ಬರುತ್ತದೆ.

ನಮ್ಮ ಅತ್ತೆಯವರು ಇದ್ದಾಗ ಒಂದು ಸಲ ನೋಡಿದ್ದು ಹೇಳುತ್ತೇನೆ. ಕೆಳಗಿನ ಮನೆ ಅಣ್ಣಯ್ಯನ ಗೌರಿ ಅಂತ ಒಂದು ಮಲೆನಾಡು ಗಿಡ್ಡ ಹಸು ಇತ್ತು. ಪುಟ್ಟ ಮೈ, ಗುಡ್ಡ ಹತ್ತಿ ಮೇಯ್ದು ತಾನಾಗಿಯೇ ಕೊಟ್ಟಿಗೆಗೆ ಬರುತ್ತಿತ್ತು. ದೀಪಾವಳಿಗೆ ಸ್ವಲ್ಪ ದಿನ ಮುಂಚೆ ಸತ್ತುಹೋಯಿತು. ತೋಟದ ಮೂಲೆಯಲ್ಲಿ ಆಳವಾಗಿ ಗುಂಡಿ ತೆಗೆದು, ಉಪ್ಪು ಹಾಕಿ ಮಣ್ಣು ಮಾಡಿದರು. ಊರಿನವರು ಬಂದರು, ಪೇಟೆಯಲ್ಲಿ ಒಳ್ಳೆ ಜರ್ಸಿ ಸಿಗುತ್ತದೆ, ಇಷ್ಟು ಹಾಲು ಕೊಡುತ್ತದೆ ಅಂತ ಹೇಳಿ ಹೋದರು. ಅಣ್ಣಯ್ಯ ಎಲ್ಲದಕ್ಕೂ ಹೂಂ ಅಂದ. ದೊಡ್ಡಹಬ್ಬದ ಬೆಳಗ್ಗೆ ಊರಿನ ಎಲ್ಲ ಕೊಟ್ಟಿಗೆಯಲ್ಲೂ ದನಗಳಿಗೆ ಮೈ ತೊಳೆದು, ಕೆಮ್ಮಣ್ಣಿನ ಗುರುತು ಹಾಕಿ, ಅಡಿಕೆ ಸರ, ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದರೆ ಆ ಮನುಷ್ಯ ಮಾತ್ರ ಜಗಲಿಯ ಮೇಲೆ ಕೂತಿದ್ದ. ಅತ್ತೆ ನಮ್ಮ ಮನೆಯ ಪೂಜೆ ಮುಗಿಸಿ ನೇರ ಅಲ್ಲಿಗೆ ಹೋದರು. ನಾನೂ ಹಿಂದೆ ಹೋದೆ. ಸಮಾಧಾನದ ಒಂದು ಮಾತೂ ಆಡಲಿಲ್ಲ ಅವರು. ಪಕ್ಕದಲ್ಲಿ ಕೂತು ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು, "ಗೌರಿ ಮೊದಲನೇ ಕರು ಹಾಕಿದ್ದು ಯಾವ ಮಳೆಯಲ್ಲಿ ಅಣ್ಣಯ್ಯ?" ಅಂತ ಕೇಳಿದರು. ಅಷ್ಟೇ. ಅವನು ಶುರು ಮಾಡಿದ. ಹುಟ್ಟಿದ್ದು, ಗುಡ್ಡದಲ್ಲಿ ತಪ್ಪಿಸಿಕೊಂಡದ್ದು, ಕರು ಹಾಕುವಾಗ ರಾತ್ರಿಯೆಲ್ಲ ಲಾಟೀನು ಹಿಡಿದು ಕೂತದ್ದು. ಮಧ್ಯೆ ಅತ್ತ. ಮತ್ತೆ ಮುಂದುವರಿಸಿದ. ಆ ದಿನ ಊಟಕ್ಕೆ ಎದ್ದು ಕೈ ತೊಳೆದ ಅಂತ ಅವನ ಹೆಂಡತಿ ಆಮೇಲೆ ಅತ್ತೆಯ ಕೈ ಹಿಡಿದುಕೊಂಡು ಹೇಳಿದಳು. ಯಾರಾದರೂ ದುಃಖದಲ್ಲಿದ್ದಾಗ ಏನು ಮಾಡಬೇಕು ಅಂತ ನನಗೆ ತಿಳಿದದ್ದೆಲ್ಲ ಆ ಒಂದು ಪ್ರಶ್ನೆಯಿಂದ.

ನೀನೂ ಹಾಗೇ ಕೇಳು. ಆ ಹೆಸರು ಯಾರು ಇಟ್ಟದ್ದು, ಮರಿಯಿದ್ದಾಗ ಹೇಗಿದ್ದಳು, ಗುಡುಗಿಗೆ ಹೆದರುತ್ತಿದ್ದಳಾ. ಚಿನ್ನಿ ಅಂತ ಹೆಸರು ಹಿಡಿದೇ ಮಾತಾಡು. ಹೆಸರೆತ್ತಿದರೆ ಅವರಿಗೆ ನೋವಾಗುತ್ತದೆ ಅಂತ ಹೆದರಬೇಡ. ಅವರ ತಲೆಯಲ್ಲಿ ಆ ಹೆಸರು ಹೇಗೂ ಓಡುತ್ತಲೇ ಇದೆ, ಬೇರೆಯವರ ಬಾಯಲ್ಲಿ ಕೇಳಿದರೆ ಹಗುರವಾಗುತ್ತದೆ.

ಎದುರು ನಿಂತರೆ ಬಾಯಿ ಕಟ್ಟುತ್ತದೆ ಅನ್ನುವುದಾದರೆ ಮೊದಲು ನಾಲ್ಕು ಸಾಲು ಬರೆದು ಬಾಗಿಲ ಸಂದಿಯಲ್ಲಿ ಹಾಕು. ವಾಟ್ಸಾಪಿನಲ್ಲಿ ಕೈ ಮುಗಿದ ಚಿತ್ರ ಕಳಿಸಿ ಕೈ ತೊಳೆದುಕೊಳ್ಳಬೇಡ. ಹೀಗೆ ಬರೆಯಬಹುದು: "ಮೇಷ್ಟ್ರೇ, ಚಿನ್ನಿ ಇಲ್ಲದ್ದು ನನಗೂ ದಿನಾ ಗೊತ್ತಾಗುತ್ತಿದೆ. ಬೈಕ್ ಸದ್ದು ಕೇಳಿದ ಕೂಡಲೇ ಗೇಟಿಗೆ ಬರುತ್ತಿದ್ದಳು. ಈ ಊರಿಗೆ ಹೊಸದಾಗಿ ಬಂದಾಗ ನನ್ನನ್ನು ಮೊದಲು ಮಾತಾಡಿಸಿದವಳು ಅವಳೇ. ಸಂಜೆ ಬರುತ್ತೇನೆ, ನಿಮಗೆ ಇಷ್ಟವಿದ್ದರೆ ಸ್ವಲ್ಪ ಹೊತ್ತು ಕೂರುತ್ತೇನೆ." ನೀನೇ ಹಿಂದೆ ಹೇಳಿದ್ದನ್ನು ಸೇರಿಸಿದ್ದೇನೆ ನೋಡು. ನಿಜವಾಗಿ ಕಂಡದ್ದು ಒಂದೇ ಒಂದು ಇದ್ದರೂ ಸಾಕು.

ಬರಿಗೈಯಲ್ಲಿ ಹೋಗಬೇಡ. ಒಬ್ಬರೇ ಇರುವವರು, ಈಗ ಒಲೆ ಹಚ್ಚುತ್ತಿದ್ದಾರೋ ಇಲ್ಲವೋ. ಬಿಸಿ ಅನ್ನ, ಸಾರು ಮಾಡಿಕೊಂಡು ಹೋಗು, ಜೊತೆಗೆ ಕೂತು ಉಣ್ಣು. ಚಿನ್ನಿಯ ತಟ್ಟೆ, ಸರಪಳಿ, ಕಂಬಳಿ ಅಲ್ಲೇ ಇದ್ದರೆ ಎತ್ತಿಡಲೇ ಅಂತ ಕೇಳಬೇಡ. ಯಾವಾಗ ತೆಗೆಯಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನಬಾರದು ಅಂತ ನಮ್ಮಲ್ಲಿ ರೂಢಿ. ಇಲ್ಲಿ ಅದನ್ನು ಪಾಲಿಸಬೇಡ. ನಾಳೆ ಬರ್ತೀನಿ ಅಂತಲೇ ಹೇಳು, ಹೇಳಿದ ಹಾಗೆ ಹೋಗು. ಮೊದಲ ದಿನಕ್ಕಿಂತ ಹದಿನೈದು ದಿನ ಕಳೆದ ಮೇಲೆ ಜಾಸ್ತಿ ಬೇಕಾಗುತ್ತದೆ. ಅವರು ಒಪ್ಪಿದರೆ ಭಾನುವಾರ ಬೆಳಗ್ಗೆ ಚಾನಲ್ ದಂಡೆಗೆ ಜೊತೆಗೆ ಹೋಗು. ಆ ಹೊತ್ತು ಅವರಿಗೆ ಕಳೆಯುವುದು ಕಷ್ಟ.

ವಾರಗಟ್ಟಲೆ ಊಟ ನಿದ್ದೆ ಎರಡೂ ಇಲ್ಲ, ಬದುಕಿ ಏನು ಪ್ರಯೋಜನ ಅನ್ನುವಂಥ ಮಾತು ಬಂತು ಅಂದರೆ ನೀನೊಬ್ಬನೇ ಹೊರಬೇಡ. ಮಗನಿಗೆ ಫೋನ್ ಮಾಡು. ನಮ್ಮ ಆಶಾ ಕಾರ್ಯಕರ್ತೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಹೇಳಿದ್ದಳು. ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆದಿಟ್ಟುಕೊ.

ಮುಂದೆ ಮೇಷ್ಟ್ರು ಇನ್ನು ನಾಯಿಯೇ ಬೇಡ ಅನ್ನಬಹುದು, ಅಥವಾ ತಿಂಗಳೊಳಗೆ ಒಂದು ಮರಿ ತರಲೂಬಹುದು. ಎರಡಕ್ಕೂ ನೀನು ಹೂಂ ಅನ್ನು.

ಇಲ್ಲಿ ಎಲ್ಲ ಸೌಖ್ಯ. ಅಡಿಕೆ ತೋಟಕ್ಕೆ ಇನ್ನೂ ಒಂದು ಸಲ ಕೊಳೆರೋಗದ ಬೋರ್ಡೋ ಮದ್ದು ಹೊಡೆಸುವುದು ಬಾಕಿ, ಮಳೆ ಬಿಡುವು ಕೊಡುತ್ತಿಲ್ಲ. ನಿನ್ನ ದೊಡ್ಡಪ್ಪನ ಮಂಡಿನೋವು ಹಾಗೇ ಇದೆ. ನಾಳೆ ಹೊಸನಗರದಿಂದ ಹೊರಡುವ ಮೊದಲ ಬಸ್ಸಿನಲ್ಲಿ ಕಾಗದದ ಜೊತೆ ಅಪ್ಪೆಮಿಡಿ ಉಪ್ಪಿನಕಾಯಿಯ ಎರಡು ಬಾಟಲಿ ಕಳಿಸುತ್ತಿದ್ದೇನೆ. ದೊಡ್ಡದು ಮೇಷ್ಟ್ರಿಗೆ, ಖಾರ ಕಮ್ಮಿ ಹಾಕಿದ್ದೇನೆ ಅಂತ ಹೇಳು. ಬಸ್‌ ಸ್ಟ್ಯಾಂಡಿಗೆ ಹೊತ್ತಿಗೆ ಸರಿಯಾಗಿ ಹೋಗಿ ಇಸಿದುಕೊ. ಮೇಷ್ಟ್ರು ಹೇಗಿದ್ದಾರೆ ಅಂತ ನನಗೆ ತಿಳಿಸು.

ಇಂತಿ ನಿನ್ನ
ದೊಡ್ಡಮ್ಮ