ಬೇಸ್‌ಬಾಲ್ ಪರಿಚಯದಲ್ಲಿ ವಲೆನ್ಸುವೇಲಾ ಅವರಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಮರಳುತ್ತಿರುವ ಬಗ್ಗೆ ಕನ್ನಡ ಪತ್ರಿಕೆಗಳು ಸಾಕಷ್ಟು ಬರೆದಿವೆ. ಅದೇ ಕೂಟಕ್ಕೆ ಬೇಸ್‌ಬಾಲ್ ಕೂಡ ಮರಳುತ್ತಿದ್ದು, ಅದರ ಪಂದ್ಯಗಳು ಡಾಡ್ಜರ್ ಕ್ರೀಡಾಂಗಣದಲ್ಲಿ ನಡೆಯಲಿವೆ. ಆ ಆಟವನ್ನು ಓದುಗರಿಗೆ ಪರಿಚಯಿಸುವಾಗ ಬೇಬ್ ರುತ್ ಅವರಂಥ ಅಮೆರಿಕನ್ನರ ಜೊತೆಗೆ ಮೆಕ್ಸಿಕೊದ ಪಿಚರ್ (ಕ್ರಿಕೆಟ್‌ನ ಬೌಲರ್‌ನಂತೆ ಚೆಂಡೆಸೆಯುವ ಆಟಗಾರ) ಫರ್ನಾಂಡೊ ವಲೆನ್ಸುವೇಲಾ ಅವರ ಬಗ್ಗೆಯೂ ವಿವರವಾಗಿ ಬರೆಯಬೇಕೆಂದು ವಿನಂತಿಸುತ್ತೇನೆ. ಆ ಕ್ರೀಡಾಂಗಣದ ಕಥೆ ಅವರಿಲ್ಲದೆ ಪೂರ್ಣವಾಗದು.

ಡಾಡ್ಜರ್ ಕ್ರೀಡಾಂಗಣವಿರುವ ಚಾವೆಜ್ ರವೀನ್‌ನಲ್ಲಿ ಹಿಂದೆ ಮೆಕ್ಸಿಕನ್ ಮೂಲದ ಕುಟುಂಬಗಳು ನೆಲೆಸಿದ್ದವು. ಸರ್ಕಾರಿ ವಸತಿ ಯೋಜನೆಯ ಹೆಸರಿನಲ್ಲಿ 1950ರ ದಶಕದಲ್ಲಿ ಅವರನ್ನು ಒಕ್ಕಲೆಬ್ಬಿಸಲಾಯಿತು. ಯೋಜನೆ ರದ್ದಾಯಿತು, ಜಾಗ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡದ ಪಾಲಾಯಿತು. 1962ರಲ್ಲಿ ಕ್ರೀಡಾಂಗಣ ತೆರೆದ ಮೇಲೂ ಆ ಸಮುದಾಯದ ಅನೇಕರು ಅತ್ತ ಸುಳಿಯಲಿಲ್ಲ. ಅವರನ್ನು ಅಲ್ಲಿಗೆ ಕರೆತಂದದ್ದು ಸೊನೋರಾ ರಾಜ್ಯದ ಎಚೊವಾಕೀಲಾ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ, ಹನ್ನೆರಡು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದ ಈ ಎಡಗೈ ಆಟಗಾರ.

1981ರ ಋತುವಿನ ಮೊದಲ ಪಂದ್ಯದಲ್ಲಿ ಡಾಡ್ಜರ್ಸ್ ಪರ, ಗಾಯಗೊಂಡ ಸಹ ಆಟಗಾರನ ಬದಲಿಗೆ ಕಣಕ್ಕಿಳಿದ ಇಪ್ಪತ್ತರ ಹರೆಯದ ಅವರು ಎದುರಾಳಿಗೆ ಒಂದೂ ರನ್ ಬಿಟ್ಟುಕೊಡಲಿಲ್ಲ. ತಾವು ಆರಂಭಿಸಿದ ಮೊದಲ ಎಂಟೂ ಪಂದ್ಯಗಳನ್ನು ಗೆದ್ದರು. ಅವುಗಳಲ್ಲಿ ಐದರಲ್ಲಿ ಎದುರಾಳಿ ತಂಡ ರನ್ ಗಳಿಸಲೇ ಇಲ್ಲ. ಸಾಮಾನ್ಯ ತಿರುವಿಗೆ ವಿರುದ್ಧವಾಗಿ ಹೊರಳುವ ಸ್ಕ್ರೂಬಾಲ್ ಎಸೆತ ಅವರ ಮುಖ್ಯ ಅಸ್ತ್ರವಾಗಿತ್ತು. ಎಸೆಯುವ ಮುನ್ನ ಕಣ್ಣುಗಳನ್ನು ಆಕಾಶದತ್ತ ಎತ್ತುವ ಅವರ ಭಂಗಿ ಮನೆಮಾತಾಯಿತು. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ (ಅಮೆರಿಕದ ಲೀಗ್‌ನ ಅಂತಿಮ ಸರಣಿ) ತಂಡ 0–2ರಿಂದ ಹಿಂದಿದ್ದಾಗ, ಲಯ ಸಿಗದಿದ್ದರೂ 147 ಎಸೆತಗಳನ್ನೆಸೆದು 5–4ರಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ತಂಡದ ವಿರುದ್ಧ ಗೆಲುವು ತಂದರು. ಡಾಡ್ಜರ್ಸ್ ಸರಣಿಯನ್ನು 4–2ರಿಂದ ಗೆದ್ದಿತು. ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಮತ್ತು ಶ್ರೇಷ್ಠ ಪಿಚರ್‌ಗೆ ನೀಡುವ ಸೈ ಯಂಗ್ ಪ್ರಶಸ್ತಿ ಎರಡನ್ನೂ ಒಂದೇ ಋತುವಿನಲ್ಲಿ ಪಡೆದವರು ಇವರೊಬ್ಬರೇ.

ಆದರೆ ಅವರ ಕುರಿತ ಬರಹಗಳು ಬಹುಪಾಲು 1981ರಲ್ಲೇ ನಿಂತುಬಿಡುವುದು ನನಗೆ ಬೇಸರದ ಸಂಗತಿ. 1982ರಿಂದ 1987ರವರೆಗೆ ಪ್ರತಿ ವರ್ಷವೂ ಅವರಿಂದ 250ಕ್ಕೂ ಹೆಚ್ಚು ಇನ್ನಿಂಗ್ಸ್ (ಒಂದು ಪಂದ್ಯದಲ್ಲಿ ಸಾಮಾನ್ಯವಾಗಿ ಒಂಬತ್ತು) ಎಸೆಯಿಸಲಾಯಿತು. 1986ರಲ್ಲಿ 21 ಪಂದ್ಯಗಳನ್ನು ಗೆದ್ದರು. ಅದೇ ವರ್ಷ 20 ಪಂದ್ಯಗಳನ್ನು ಬದಲಿ ಪಿಚರ್‌ನ ನೆರವಿಲ್ಲದೆ ತಾವೇ ಮುಗಿಸಿದರು. ಎಸೆತಗಳನ್ನು ಎಣಿಸಿ ಆಟಗಾರನನ್ನು ಹೊರಗೆ ಕರೆಸುವ ಇಂದಿನ ರೂಢಿ ಆಗ ಇರಲಿಲ್ಲ. 1988ರಲ್ಲಿ ಭುಜ ಕೈಕೊಟ್ಟಿತು. 1990ರ ಜೂನ್ 29ರಂದು ಸೇಂಟ್ ಲೂಯಿಸ್ ತಂಡಕ್ಕೆ ಒಂದೂ ಹಿಟ್ (ಬ್ಯಾಟರ್ ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವುದು) ಬಿಟ್ಟುಕೊಡದೆ ಪಂದ್ಯ ಗೆದ್ದ ಇದೇ ಆಟಗಾರನನ್ನು ಡಾಡ್ಜರ್ಸ್ ಮರು ವರ್ಷ ಮಾರ್ಚ್‌ನಲ್ಲಿ ಕೈಬಿಟ್ಟಿತು. ಅದು ನ್ಯಾಯವಾದ ಬೀಳ್ಕೊಡುಗೆಯಾಗಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ. ನಂತರ ತಂಡದಿಂದ ತಂಡಕ್ಕೆ ಅಲೆಯುತ್ತ 1997ರವರೆಗೆ ಆಡಿ, ಒಟ್ಟು 173 ಗೆಲುವುಗಳೊಂದಿಗೆ ಅಮೆರಿಕದ ಲೀಗ್‌ನಿಂದ ನಿರ್ಗಮಿಸಿದರು.

2003ರಿಂದ ಅವರು ಡಾಡ್ಜರ್ಸ್ ಪಂದ್ಯಗಳ ಸ್ಪ್ಯಾನಿಷ್ ವೀಕ್ಷಕ ವಿವರಣೆ ನೀಡಿದರು. ಅವರ 34ನೇ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡದಿರುವ ಗೌರವವನ್ನು ತಂಡ ವಿಧಿವತ್ತಾಗಿ ಸಲ್ಲಿಸಿದ್ದು 2023ರಲ್ಲಿ. ಮರುವರ್ಷ ಅಕ್ಟೋಬರ್ 22ರಂದು, 63ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ತಮ್ಮ ಕ್ರೀಡಾಪುಟದಲ್ಲಿ ಅವರ ಬಗ್ಗೆ ಲೇಖನ ಬಂದರೆ, ಅದರಲ್ಲಿ 1981ರ ಗೆಲುವುಗಳಷ್ಟೇ ವಿವರವಾಗಿ ಆನಂತರದ ಆರು ವರ್ಷಗಳ ದುಡಿಮೆಯೂ, ಚಾವೆಜ್ ರವೀನ್‌ನ ಕುಟುಂಬಗಳ ಪ್ರಸ್ತಾಪವೂ ಇರಲಿ ಎಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಓದುಗ, ಧಾರವಾಡ