ಒಂಬತ್ತು ಹೆಸರಿನ ಚೀಟಿ

ಲಂಡನ್

ತೀರ್ಥರೂಪ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ.

ಬಹಾಯಿ ಧರ್ಮದವರಲ್ಲಿ ಭಟ್ಟರೂ ಇಲ್ಲ, ಮಠವೂ ಇಲ್ಲ ಎಂದರೆ ಕಾರುಬಾರು ನಡೆಸುವವರು ಯಾರು ಎಂದು ಕೇಳಿದ್ದಿರಿ. ಮೂಲ ನಂಬಿಕೆಯನ್ನು ಕಳೆದ ಪತ್ರದಲ್ಲೇ ಬರೆದಿದ್ದೆ: ದೇವರು ಒಬ್ಬನೇ, ಕೃಷ್ಣ, ಬುದ್ಧ, ಏಸು, ಮಹಮ್ಮದರು ಕಾಲಕಾಲಕ್ಕೆ ಅವನ ಮಾತು ತಂದವರು, ಈ ಕಾಲಕ್ಕೆ ತಂದವರು 1817ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ಬಹಾಉಲ್ಲಾ. ಮನುಷ್ಯಕುಲವೆಲ್ಲ ಒಂದೇ ಎಂಬುದು ಅವರ ಬೋಧನೆಯ ತಿರುಳು. ಅದನ್ನು ಬಾಯಿಮಾತಿಗೆ ಬಿಡದೆ ಆಡಳಿತಕ್ಕೆ ಇಳಿಸಿದ ರೀತಿ ನನಗೆ ಬಹಳ ಹಿಡಿಸಿದೆ.

ಊರಿಗೊಂದು ಒಂಬತ್ತು ಜನರ ಆಧ್ಯಾತ್ಮಿಕ ಸಭೆ. ವರ್ಷಕ್ಕೊಮ್ಮೆ ಏಪ್ರಿಲ್ 20–21ರ ಸುಮಾರಿಗೆ, ರಿಜ್ವಾನ್ ಹಬ್ಬದ ಮೊದಲ ದಿನ ಚುನಾವಣೆ. ಶಿರಸಿಯ ಸೊಸೈಟಿ ಚುನಾವಣೆಯಂತೆ ನಾಮಪತ್ರ, ಪ್ಯಾನೆಲ್, ಮನೆಮನೆ ತಿರುಗಾಟ ಯಾವುದೂ ಇಲ್ಲ. ಊರಿನ ವಯಸ್ಕ ಬಹಾಯಿಗಳೆಲ್ಲ ಅಭ್ಯರ್ಥಿಗಳೇ. ಪ್ರಾರ್ಥನೆ ಮುಗಿಸಿ ಪ್ರತಿಯೊಬ್ಬರೂ ಗುಟ್ಟಾಗಿ ಒಂಬತ್ತು ಹೆಸರು ಬರೆಯಬೇಕು. ಎಂಟು ಬರೆದರೂ ಹತ್ತು ಬರೆದರೂ ಚೀಟಿ ರದ್ದು. ಯಾರ ಹೆಸರು ಬರೆಯುತ್ತೇನೆ ಎಂದು ಗಂಡ ಹೆಂಡತಿ ಕೂಡ ಮಾತಾಡಿಕೊಳ್ಳುವಂತಿಲ್ಲ. ಕೊನೆಯ ಸ್ಥಾನಕ್ಕೆ ಇಬ್ಬರಿಗೆ ಸಮ ಮತ ಬಂದರೆ ಅವರಿಬ್ಬರ ನಡುವೆ ಮತ್ತೆ ಮತದಾನ. ಅವರಲ್ಲಿ ಒಬ್ಬರು ಅಲ್ಪಸಂಖ್ಯಾತ ಸಮುದಾಯದವರಾಗಿದ್ದರೆ ಸ್ಥಾನ ನೇರವಾಗಿ ಅವರಿಗೆ. ಊರಲ್ಲಿ ಇರುವುದೇ ಒಂಬತ್ತು ವಯಸ್ಕರಾದರೆ ಚುನಾವಣೆ ಬೇಡ, ಒಟ್ಟಾಗಿ ಘೋಷಿಸಿದರೆ ಸಭೆ ಆಯಿತು.

ಆರಿಸಿ ಬಂದವರಿಗೆ ಒಬ್ಬೊಬ್ಬರಾಗಿ ಯಾವ ಅಧಿಕಾರವೂ ಇಲ್ಲ, ಇರುವುದು ಸಭೆಗೆ. ಐದು ಜನ ಸೇರಿದರೆ ಕೋರಂ, ಅಂದರೆ ಸಭೆ ನಡೆಸಲು ಅಷ್ಟು ಜನ ಸಾಕು. ಸಮಾಲೋಚನೆಯಲ್ಲಿ ಮೊದಲು ಸಂಗತಿ ಏನೆಂದು ಖಚಿತ ಮಾಡಿಕೊಳ್ಳಬೇಕು, ಆಮೇಲೆ ಅದಕ್ಕೆ ಯಾವ ತತ್ತ್ವ ಅನ್ವಯಿಸುತ್ತದೆ ನೋಡಬೇಕು, ಮತ್ತೆ ಚರ್ಚೆ, ಕೊನೆಗೆ ತೀರ್ಮಾನ. ಮಾತು ಹಳಿ ತಪ್ಪುವುದು ಹೆಚ್ಚಾಗಿ ಮೊದಲ ಹೆಜ್ಜೆಯನ್ನೇ ಹಾರಿಸಿದಾಗ. ಒಮ್ಮೆ ಹೇಳಿದ ಸಲಹೆ ಹೇಳಿದವರದ್ದಲ್ಲ, ಸಭೆಯದ್ದು. ಅದನ್ನು ಹಿಡಿದು ಜಗ್ಗುವಂತಿಲ್ಲ. ಒಮ್ಮತ ಬರದಿದ್ದರೆ ಬಹುಮತ. ಆಮೇಲೆ ವಿರೋಧಿಸಿದವರೂ ಮನಸಾರೆ ಕೈಜೋಡಿಸಬೇಕು, ಹೊರಗೆ ಬಂದು ಟೀಕಿಸಬಾರದು.

ಇದು ಬಾಯಿ ಮುಚ್ಚಿಸಿದಂತೆ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಅಡಿಕೆ ತೋಟವನ್ನೇ ನೆನೆಸಿಕೊಳ್ಳಿ. ನೂರು ಲೀಟರ್ ನೀರಿಗೆ ಕೆಜಿ ಮೈಲುತುತ್ತ, ಕೆಜಿ ಸುಣ್ಣ ಹಾಕಿ ಕೊಳೆರೋಗಕ್ಕೆ ಮದ್ದಿನ ಪಾಕ ಮಾಡಿದಿರಿ. ಮರ ಹತ್ತುವ ಕೊನೆಗೌಡ ಮನಸ್ಸಿಲ್ಲದೆ ಅರೆಬರೆ ಹೊಡೆದ. ಕೊಳೆ ಬಂದಾಗ ತಪ್ಪು ಮದ್ದಿನದೋ ಹೊಡೆದದ್ದರದೋ ಹೇಳುವುದು ಹೇಗೆ? ತೀರ್ಮಾನವೂ ಹಾಗೆಯೇ. ಎಲ್ಲರೂ ಒಗ್ಗಟ್ಟಾಗಿ ನಡೆಸಿ ಕೆಟ್ಟರೆ ತೀರ್ಮಾನವೇ ತಪ್ಪು ಎಂದು ಬೇಗ ಗೊತ್ತಾಗುತ್ತದೆ, ಸಭೆಯೇ ತಿದ್ದಿಕೊಳ್ಳುತ್ತದೆ.

ದುಡ್ಡಿನ ವಿಷಯ: ಅವರ ನಿಧಿಗೆ ಬಹಾಯಿಗಳು ಮಾತ್ರ ಕೊಡಬಹುದು, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ.

ಹೆಣ್ಣು ಗಂಡು ಸಮ ಎಂಬುದು ದೊಡ್ಡ ತತ್ತ್ವ. ಎಲ್ಲ ಮಕ್ಕಳನ್ನೂ ಓದಿಸಲು ಕೈಲಾಗದಿದ್ದರೆ ಹೆಣ್ಣುಮಗುವನ್ನು ಮೊದಲು ಓದಿಸಬೇಕು. ಊರ ಸಭೆಗೆ ಹೆಂಗಸರೂ ಆರಿಸಿ ಬರುತ್ತಾರೆ. ಆದರೆ ಇಸ್ರೇಲಿನ ಹೈಫಾದಲ್ಲಿರುವ, ಜಗತ್ತಿನ ಬಹಾಯಿಗಳಿಗೆಲ್ಲ ಮೇಲಿನ ಸಭೆಯಾದ ವಿಶ್ವ ನ್ಯಾಯ ಮಂದಿರದ ಒಂಬತ್ತೂ ಸದಸ್ಯರು ಗಂಡಸರೇ. 1963ರ ಮೊದಲ ಚುನಾವಣೆಯಿಂದಲೂ ಹಾಗೆಯೇ. ಇದನ್ನು ನಿಮ್ಮಿಂದ ಮುಚ್ಚಿಡಲು ನನಗೆ ಮನಸ್ಸಿಲ್ಲ.

ಆಯಿ ಮದುವೆಯ ಬಗ್ಗೆ ಕೇಳಿದ್ದಳಲ್ಲ, ಅವಳಿಗೆ ಓದಿ ಹೇಳಿ: ಮೊದಲು ಹುಡುಗ ಹುಡುಗಿ ತಾವೇ ಒಪ್ಪಬೇಕು. ಆಮೇಲೆ ಎರಡೂ ಕಡೆಯ ಬದುಕಿರುವ ಅಪ್ಪ ಅಮ್ಮಂದಿರೆಲ್ಲ ಒಪ್ಪಬೇಕು, ಅವರು ಯಾವ ಧರ್ಮದವರಾದರೂ ಸರಿ. ಒಬ್ಬರು ಬೇಡವೆಂದರೂ ಬಹಾಯಿ ಮದುವೆ ನಡೆಯದು, ಅದಕ್ಕೆ ಅವರು ಕಾರಣ ಕೊಡಬೇಕೆಂದೂ ಇಲ್ಲ.

ಇಂತಿ ನಿಮ್ಮ ಮಗಳು